ಮಾವನ ಗಿಟಾರಿಗೆ ತಗಡಿನ ಎದೆ

ನಾನು ತೂಕ ಮತ್ತು ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್ಸ್‌ಪೆಕ್ಟರ್. ಕಿರಾಣಿಯವರ ತಕ್ಕಡಿ, ಬಟ್ಟೆಯವರ ಮೀಟರ್ ಕೋಲು, ಹಾಲಿನವರ ಅಳತೆಪಾತ್ರೆ, ಎಲ್ಲವನ್ನೂ ಪರೀಕ್ಷಿಸಿ ಸೀಲು ಹೊಡೆಯುವುದು ನನ್ನ ಕೆಲಸ. ಒಂದು ಮೀಟರಿನಲ್ಲಿ ಎರಡು ಮಿಲಿಮೀಟರ್ ಕಡಿಮೆ ಇದ್ದರೂ ನನ್ನ ಕಣ್ಣು ತಪ್ಪಿಸಲಾಗದು ಎಂದು ಪೇಟೆಯಲ್ಲೆಲ್ಲ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿಕೊಳ್ಳಲು ನನಗೆ ಮುಖ ಉಳಿದಿರುವುದಿಲ್ಲ.

ಎಲ್ಲ ಶುರುವಾದದ್ದು ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ. ನನ್ನ ಮಾವ, ಅಂದರೆ ಹೆಂಡತಿಯ ತಂದೆ, ನಲವತ್ತು ವರ್ಷ ಗಿಟಾರ್ ನುಡಿಸಿದವರು. ವಾದ್ಯಗೋಷ್ಠಿಗಳಲ್ಲಿ ನುಡಿಸಿ, ಮಕ್ಕಳಿಗೆ ಪಾಠ ಹೇಳಿ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಅದೇ ಒಂದು ಗಿಟಾರಿನಿಂದ. ಎರಡು ವರ್ಷದಿಂದ ಅವರ ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದೆವು. ಹಾಕಿಕೊಂಡರೆ ಗಿಟಾರಿಗಿಂತ ಫ್ಯಾನೇ ಜೋರಾಗಿ ಕೇಳುತ್ತದೆಂದು ಅದನ್ನು ಡ್ರಾಯರಿಗೆ ಸೇರಿಸಿದರು. ಅವತ್ತು ಊಟ ಮುಗಿಸಿ, ಗಿಟಾರನ್ನು ಪೆಟ್ಟಿಗೆ ಸಮೇತ ನನ್ನ ಮುಂದಿಟ್ಟು, ಕಲಿಯುವ ಆಸೆಯಿದ್ದವರಿಗೆ ಇದನ್ನು ಕೊಟ್ಟುಬಿಡಿ, ನನಗಂತೂ ಇದರ ಮಾತು ಕೇಳದೆ ಹೋಯಿತು ಎಂದರು. ನನ್ನ ಹೆಂಡತಿ ಕೈ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋದಳು.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವರು ಸುಮ್ಮನಿರುತ್ತಾರೆ. ನಾನು ಹಿಂದಿನ ವಾರ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಗಿಟಾರಿನ ಎದೆಯ ಮರವನ್ನು ದುಂಡಗೆ ಕೊರೆದು, ಆ ಜಾಗಕ್ಕೆ ತೆಳು ಅಲ್ಯೂಮಿನಿಯಂ ತಗಡಿನ ಬಿಲ್ಲೆ ಕೂರಿಸಿದರೆ ಅದರ ಧ್ವನಿ ಎಷ್ಟೋ ಪಟ್ಟು ಜೋರಾಗುತ್ತದಂತೆ. ಹನ್ನೊಂದು ನಿಮಿಷದ ವಿಡಿಯೊ. ನಾನು ಏಳು ನಿಮಿಷ ನೋಡಿ, ವಿಷಯ ಗೊತ್ತಾಯಿತೆಂದು ನಿಲ್ಲಿಸಿದ್ದೆ.

"ಯಾರಿಗೂ ಕೊಡೋದು ಬೇಡ ಮಾವ. ಇದಕ್ಕೆ ನಾನೇ ತಗಡಿನ ಎದೆ ಹಾಕ್ತೀನಿ. ನೀವು ದೊಡ್ಡ ಮಗಳ ಮನೆಯಿಂದ ವಾಪಸ್ ಬರೋ ಹೊತ್ತಿಗೆ ಹೊಸ ವಾದ್ಯ ರೆಡಿ ಇರುತ್ತೆ," ಎಂದೆ.

ಮಾವನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಮೂರನೆಯ ಸಲಕ್ಕೆ ಮಾವನಿಗೂ ಕೇಳಿಸಿತು, ಮೇಲಿನ ಮನೆಗೂ ಕೇಳಿಸಿತು, ಕೆಳಗಿನ ಮನೆಗೂ ಕೇಳಿಸಿತು. ನಾವು ತಟ್ಟೆ ತೊಳೆದಿಡುವುದರೊಳಗೆ ಮೂರು ಮಹಡಿಯ ನಮ್ಮ ಕಟ್ಟಡಕ್ಕೆಲ್ಲ ನಾನು ವಾದ್ಯ ತಯಾರಿಸುವವನೆಂದು ಗೊತ್ತಾಗಿತ್ತು. ಮಾವ "ನಿಮಗೆ ಬರುತ್ತಾ ಅಳಿಯಂದ್ರೇ?" ಎಂದು ಕೇಳಿದರು. ಎಲ್ಲ ಅಳತೆಯ ಮೇಲೆ ನಿಂತಿರುವ ಕೆಲಸ ತಾನೇ ಎಂದೆ. ಮಾರನೆಯ ದಿನ ಅವರು ಆರು ವಾರದ ಮಟ್ಟಿಗೆ ದೊಡ್ಡ ಮಗಳ ಮನೆಗೆ ಹೊರಟರು. ಗಿಟಾರ್ ನನ್ನ ಕೈಯಲ್ಲಿ ಉಳಿಯಿತು.

ಪರಿಚಯದ ಬಡಗಿಯಿಂದ ರೂಟರ್ ತಂದೆ. ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆಯಲ್ಲ, ಇದು ಎರಡೂ ಕೈಯಲ್ಲಿ ಹಿಡಿದು ಓಡಿಸುವ ಕೊರೆಯುವ ಯಂತ್ರ. ಅದರ ಹೊಟ್ಟೆಯ ಕೆಳಗೆ ಪೆನ್ಸಿಲ್ ದಪ್ಪದ ಅಲಗೊಂದು ಗಿರಗಿರನೆ ತಿರುಗುತ್ತ ಎದುರಿಗೆ ಸಿಕ್ಕಿದ್ದನ್ನು ತಿನ್ನುತ್ತ ಹೋಗುತ್ತದೆ. ಯಂತ್ರಕ್ಕೊಂದು ಪಟ್ಟಿ ಬಿಗಿದು, ಪಟ್ಟಿಯ ತುದಿಯನ್ನು ಮೊಳೆಗೆ ಸಿಕ್ಕಿಸಿದರೆ ಶಾಲೆಯ ಕೈವಾರದ ಹಾಗೆ ದುಂಡಗೆ ಕೊರೆಯಬಹುದು. ಬಡಗಿ ಅದನ್ನು ಕೊಡುವಾಗ ಎರಡು ಮಾತು ಹೇಳಿದ. ಒಂದು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಇನ್ನೊಂದು, ಅಲಗಿಗೂ ದಪ್ಪ ಇದೆ, ಅದನ್ನು ಗೆರೆಯ ಯಾವ ಕಡೆ ಓಡಿಸುತ್ತೀರಿ ನೋಡಿಕೊಳ್ಳಿ. ಅಳತೆ ಇನ್ಸ್‌ಪೆಕ್ಟರಿಗೆ ಇವನು ಅಳತೆ ಹೇಳಿಕೊಡುತ್ತಾನಲ್ಲ ಎಂದು ನಗು ಬಂತು. ಕನ್ನಡಕ ಮಾತ್ರ ಹಾಕಿಕೊಂಡೆ.

ತೂತು ಬೇಕಾದಾಗ ಅಲಗು ಗೆರೆಯ ಒಳಗಡೆ ಓಡಬೇಕು. ಬಿಲ್ಲೆ ಬೇಕಾದಾಗ ಗೆರೆಯ ಹೊರಗಡೆ ಓಡಬೇಕು. ಇಷ್ಟೇ ವಿದ್ಯೆ. ನಾನು ಗಿಟಾರಿನ ತೂತಿಗೆ ಹೊರಗಡೆ ಓಡಿಸಿದೆ, ತಗಡಿನ ಬಿಲ್ಲೆಗೆ ಒಳಗಡೆ ಓಡಿಸಿದೆ. ಎರಡರಲ್ಲೊಂದನ್ನು ತಪ್ಪಾಗಿ ಮಾಡಿದ್ದರೂ ಏನೋ ಹೊಂದಿಸಬಹುದಿತ್ತು. ತೂತು ಹನ್ನೆರಡು ಮಿಲಿಮೀಟರ್ ದೊಡ್ಡದಾಯಿತು, ಬಿಲ್ಲೆ ಹನ್ನೆರಡು ಮಿಲಿಮೀಟರ್ ಚಿಕ್ಕದಾಯಿತು. ಪಾತ್ರೆಯ ಮೇಲಿನ ಮುಚ್ಚಳದಂತೆ ಕೂರಬೇಕಾಗಿದ್ದ ಬಿಲ್ಲೆ, ಇಟ್ಟ ತಕ್ಷಣ ಠಣ್ ಎಂದು ಗಿಟಾರಿನ ಹೊಟ್ಟೆಯೊಳಗೆ ಬಿತ್ತು.

ಆ ಸದ್ದಿಗೆ ಹೆಂಡತಿ ಹಿಂದಿನ ಬಾಲ್ಕನಿಗೆ ಬಂದಳು. ಗಿಟಾರನ್ನು ನೋಡಿದಳು, ಅದರ ಎದೆಯ ತೂತನ್ನು ನೋಡಿದಳು, ತೂತಿನೊಳಗೆ ಮಲಗಿದ್ದ ಬಿಲ್ಲೆಯನ್ನು ನೋಡಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ರೀ, ಅಮ್ಮ ಹೋದ ಮೇಲೆ ಅಪ್ಪ ಮನಸ್ಸು ಬಿಚ್ಚಿ ಮಾತಾಡಿದ್ದು ಇದರ ಜೊತೆ ಮಾತ್ರ," ಎಂದಳು. "ಅವರು ಬರೋದಕ್ಕೆ ಆರು ವಾರ ಇದೆ. ಅಷ್ಟರಲ್ಲಿ ಇದು ಅವರಿಗೆ ಕೇಳೋ ಹಾಗೆ ಮಾಡಿ. ಇಲ್ಲದಿದ್ರೆ ನೀವೇ ಅವರಿಗೆ ವಿಷಯ ಹೇಳ್ಬೇಕು. ನಾನು ಹೇಳಲ್ಲ. ಅವರಿಗೆ ಕೇಳಿಸೋ ಅಷ್ಟು ಜೋರಾಗಿ ನೀವೇ ಹೇಳಿ."

ಉಳಿದದ್ದು ಒಂದೇ ದಾರಿ. ದೊಡ್ಡದಾದ ತೂತಿಗೆ ತಕ್ಕಂತೆ ಇನ್ನೂ ದೊಡ್ಡ ಬಿಲ್ಲೆ ಕೊರೆಯುವುದು. ಮಾರನೆಯ ಸಂಜೆ ಕಚೇರಿಯಿಂದ ಬಂದವನೇ ಹೊಸ ತಗಡನ್ನು ಮೇಜಿಗೆ ಬಿಗಿದು ರೂಟರ್ ಚಾಲೂ ಮಾಡಿದೆ. ಬರಿಯ ತಗಡಿಗೆ ಅಲಗು ತಾಗಿದಾಗ ಬಂದ ಸದ್ದನ್ನು ಬರೆದು ತಿಳಿಸುವುದು ಕಷ್ಟ. ತಗಡು ಹಾವಿನ ಹೆಡೆಯಂತೆ ಎದ್ದು ನಡುಗುತ್ತ ಒಂದೇ ಸಮನೆ ಕಿರುಚಿತು. ಅಂಚೆಲ್ಲ ಇಲಿ ಕಡಿದ ಹಾಗೆ ಹರಿಯಿತು. ಎರಡನೆಯ ಬಿಲ್ಲೆ ಹಾಳಾದ ಗಳಿಗೆಯಲ್ಲೇ ಬಾಗಿಲ ಗಂಟೆ ಬಡಿಯಿತು.

ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ನಿಂತಿದ್ದರು. ಇವರನ್ನು ನಾವು ಬೆನ್ನ ಹಿಂದೆ ನಿಯಮಾವಳಿ ಎಂದು ಕರೆಯುವುದು ವಾಡಿಕೆ. ಕಂಕುಳಲ್ಲಿ ಸದಾ ನಿಯಮದ ಪುಸ್ತಕ ಮತ್ತು ಒಂದು ರಿಜಿಸ್ಟರ್ ಇರುತ್ತದೆ. ಪುಸ್ತಕ ತೆರೆದು ಓದಿದರು. ಮನೆಗಳೊಳಗೆ ಯಾವುದೇ ಯಂತ್ರ ನಡೆಸುವುದು ಪೂರ್ತಿ ನಿಷಿದ್ಧ. ಸಂಗೀತದ ಅಭ್ಯಾಸಕ್ಕೆ ಸಂಜೆ ಐದರಿಂದ ಏಳರವರೆಗೆ ಅವಕಾಶ ಉಂಟು. ಓದಿ ಮುಗಿಸಿ, ನಿಮ್ಮ ಮನೆಯಿಂದ ಬರುತ್ತಿರುವುದು ಇದರಲ್ಲಿ ಯಾವುದು ಎಂದು ಕೇಳಿದರು.

ನನ್ನ ಹಣೆಯ ಮೇಲೆ ದೊಡ್ಡ ಕನ್ನಡಕ, ತಲೆಯ ತುಂಬ ಬೆಳ್ಳಗೆ ಹೊಳೆಯುವ ತಗಡಿನ ಪುಡಿ. ಯಂತ್ರ ಎಂದರೆ ನಾಳೆಯಿಂದ ಕೆಲಸ ನಿಂತುಹೋಗುತ್ತದೆ, ಮಾವನ ಗಿಟಾರ್ ಹಾಗೇ ಬಾಯಿ ಬಿಟ್ಟುಕೊಂಡು ಉಳಿಯುತ್ತದೆ.

"ವಾದ್ಯ," ಎಂದೆ.

"ಮೊನ್ನೆ ಕೂಗಿ ಹೇಳ್ತಿದ್ರಲ್ಲ, ಆ ತಗಡಿನ ವಾದ್ಯವೇ? ಆಗಲೇ ಮುಗೀತಾ?"

ಇನ್ನೂ ಮುಗಿದಿಲ್ಲ ಎನ್ನಬಹುದಿತ್ತು. ಆದರೆ ಬಡಾಯಿ ಕೊಚ್ಚಿಕೊಂಡವನ ನಾಲಗೆ ಅಷ್ಟು ಸುಲಭವಾಗಿ ಹಿಂದಕ್ಕೆ ಬರುವುದಿಲ್ಲ. ಮುಗಿಯಿತು, ಈಗ ಅಭ್ಯಾಸ ನಡೆಸುತ್ತಿದ್ದೇನೆ ಎಂದೆ. ಕಾರ್ಯದರ್ಶಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ರಿಜಿಸ್ಟರಿನಲ್ಲಿ 'ಸಂಗೀತಾಭ್ಯಾಸ, ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಹಾಕಿದರು. ಹೋಗುವಾಗ, ವಾದ್ಯದ ಮೇಲೆ ಕೆಳಗೆ ಏನಾದರೂ ಮುಚ್ಚಿ ನುಡಿಸಿದರೆ ಇಷ್ಟು ಕಿರುಚುವುದಿಲ್ಲವೇನೋ ಎಂದು ಸಲಹೆ ಕೊಟ್ಟರು.

ಸದ್ದು ತಗ್ಗಲಿ ಎಂದು ನಾನು ತಗಡಿನ ಮೇಲೊಂದು ಕೆಳಗೊಂದು ಪ್ಲೈವುಡ್ ಹಲಗೆ ಇಟ್ಟು, ಮೂರನ್ನೂ ಸೇರಿಸಿ ಸ್ಕ್ರೂ ಹಾಕಿ ಬಿಗಿದೆ. ಈಗ ತಗಡು ಏಳಲೂ ಇಲ್ಲ, ನಡುಗಲೂ ಇಲ್ಲ. ಅಂಚು ಅರ್ಧಕ್ಕರ್ಧ ನೆಟ್ಟಗಾಯಿತು. ತಗಡನ್ನು ಕೊರೆಯುವ ಸರಿಯಾದ ಕ್ರಮವೇ ಅದಂತೆ. ವಿಡಿಯೊದ ಎಂಟನೆಯ ನಿಮಿಷದಲ್ಲಿ ಅದನ್ನೇ ಹೇಳಿದ್ದರು ಎಂದು ಆಮೇಲೆ ನೋಡಿದಾಗ ಗೊತ್ತಾಯಿತು.

ನೆಲಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇದೆ. ಮುಂದಿನ ವಾರ ಅವರು ಬಿಳಿ ಕೋಟಿನಲ್ಲೇ ಮೇಲೆ ಬಂದರು. ಮನುಷ್ಯ ತುಂಬ ಮರ್ಯಾದಸ್ಥ. ಕಲೆಯ ಬಗ್ಗೆ ತಮಗೆ ಗೌರವ ಇದೆ ಎಂಬಲ್ಲಿಂದ ಶುರು ಮಾಡಿದರು. ನನ್ನ ವಾದ್ಯದ ಶ್ರುತಿಯೂ ಅವರ ಡ್ರಿಲ್ಲಿನ ಶ್ರುತಿಯೂ ಒಂದೇ ಆಗಿಬಿಟ್ಟಿದೆಯಂತೆ. ನಿನ್ನೆ ಬಾಯಿ ತೆರೆದು ಕೂತಿದ್ದ ಒಬ್ಬ ರೋಗಿ, ಡಾಕ್ಟರು ಇನ್ನೂ ಏನನ್ನೂ ಮುಟ್ಟುವ ಮೊದಲೇ ಮೇಲಿನಿಂದ ಸದ್ದು ಕೇಳಿ, ಕತ್ತಿಗೆ ಕಟ್ಟಿದ ಬಟ್ಟೆ ಸಮೇತ ಎದ್ದು ಬೀದಿಗೆ ಹೋದನಂತೆ. ದಯವಿಟ್ಟು ಸ್ವಲ್ಪ ಕೆಳಗಿನ ಸ್ವರಗಳಲ್ಲಿ ಅಭ್ಯಾಸ ಮಾಡಲು ಸಾಧ್ಯವೇ ಎಂದು ಕೈ ಮುಗಿದು ಕೇಳಿದರು. ತಮ್ಮ ಕಿಟಕಿಯ ಮೇಲೆ ಹೊಳೆಯುವ ಪುಡಿ ಬೀಳುತ್ತಿರುವುದು ಏನು ಎಂದೂ ವಿಚಾರಿಸಿದರು. ವಾದ್ಯ ಹೊಸದು, ಸ್ವಲ್ಪ ದಿನ ಉದುರುತ್ತದೆ ಎಂದೆ.

ಅವರಿಗೋಸ್ಕರ ರೂಟರಿನ ವೇಗದ ತಿರುಪನ್ನು ಆರರಿಂದ ಎರಡಕ್ಕೆ ಇಳಿಸಿದೆ. ಅಲ್ಲಿಯತನಕ ಅಲಗು ಕಾದು ತಗಡು ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ನಿಧಾನವಾದ ಮೇಲೆ ಆ ಕಾಟ ನಿಂತಿತು.

ಆದರೆ ನನ್ನ ನಿಜವಾದ ಗುರು ಮೇಲಿನ ಮನೆಯ ಹೆಡ್‌ಮಿಸ್. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ, ಅಲ್ಲಿನ ಹಾಡಿನ ತಂಡವನ್ನೂ ನಡೆಸಿ ನಿವೃತ್ತರಾದವರು. ಎರಡು ವಾರ ಅವರು ಏನೂ ಹೇಳಲಿಲ್ಲ. ಐದು ಗಂಟೆಗೆ ಸರಿಯಾಗಿ ಮೇಲಿನ ಬಾಲ್ಕನಿಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು, ಏಳಕ್ಕೆ ಮತ್ತೆ ಕುರ್ಚಿ ಒಳಗೆ ಹೋಗುವ ಸದ್ದು. ಐದನೆಯ ಬಿಲ್ಲೆ ಹಾಳಾದ ದಿನ ಮೆಟ್ಟಿಲ ಬಳಿ ನನ್ನನ್ನು ತಡೆದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ನಿಮ್ಮಲ್ಲಿ ಶ್ರದ್ಧೆ ಇದೆ. ಅದರಲ್ಲಿ ಅನುಮಾನ ಇಲ್ಲ," ಎಂದರು. "ಆದರೆ ಸ್ವರದೊಳಗೆ ಒಂದೇ ಸಲ ಧುಮುಕ್ತೀರಿ. ಹಾಗೆ ಮಾಡಬಾರದು. ಮೆಲ್ಲಗೆ ಇಳೀಬೇಕು. ಮೊದಲು ಒಂದು ಸುತ್ತು ಮೇಲ್ಮೇಲೆ ಬನ್ನಿ, ಉಸಿರು ತಗೊಳ್ಳಿ, ಆಮೇಲೆ ಸ್ವಲ್ಪ ಆಳಕ್ಕೆ ಹೋಗಿ. ಮತ್ತೆ ಮುಗಿಸೋವಾಗ ಅವಸರ ಮಾಡ್ತೀರಿ. ಎಲ್ಲಾ ಕೆಡೋದು ಅಲ್ಲೇ."

ನಾನು ದಂಗಾಗಿ ನಿಂತೆ. ನಿಜವಾಗಿ ಆಗುತ್ತಿದ್ದುದು ಅದೇ. ತಗಡಿನ ಪೂರ್ತಿ ದಪ್ಪಕ್ಕೆ ಒಂದೇ ಸಲ ಅಲಗು ಇಳಿಸುತ್ತಿದ್ದೆ. ಸುತ್ತಿನ ಕೊನೆಯ ಎರಡು ಬೆರಳಿನಷ್ಟು ಉಳಿದಾಗ ಮುಗಿಯಿತಲ್ಲ ಎಂದು ತಳ್ಳುತ್ತಿದ್ದೆ. ಬಿಡುಗಡೆಯಾದ ಬಿಲ್ಲೆ ಸರಿದು ಅಲಗಿನ ಬಾಯಿಗೆ ಬೀಳುತ್ತಿತ್ತು. ಅವತ್ತು ಸಂಜೆ ಕೂದಲೆಳೆಯಷ್ಟು ಆಳ ಮಾಡುತ್ತ ನಾಲ್ಕು ಸುತ್ತು ಹೋದೆ, ನಡುನಡುವೆ ನಿಲ್ಲಿಸಿದೆ, ಬಿಲ್ಲೆ ಅಲುಗದಂತೆ ಅದರ ನಡುವಿಗೂ ಒಂದು ಸ್ಕ್ರೂ ಹಾಕಿದೆ. ಮೇಲಿನಿಂದ "ಹಾಂ, ಹಾಗೆ" ಎಂಬ ಮಾತು ಕೇಳಿತು. ಬಿಲ್ಲೆ ಆರು ಬಹುಮಟ್ಟಿಗೆ ಬಿಲ್ಲೆಯೇ ಆಗಿತ್ತು.

ಆಮೇಲಿನ ದಿನಗಳಲ್ಲಿ ನನ್ನ ಕೀರ್ತಿ ನನಗಿಂತ ಮುಂದೆ ಓಡಿತು. ಹೆಡ್‌ಮಿಸ್ ಮನೆಗೆ ಅವರ ಹಳೆಯ ಸಹೋದ್ಯೋಗಿಗಳು ಐದು ಗಂಟೆಗೆ ಬಂದು ಕೂರತೊಡಗಿದರು. ಇದು ಮೊದಲು ಕಿವಿಗೆ ಒರಟು, ಹಿಡಿಸಿಕೊಂಡರೆ ಬಿಡದು ಎಂದು ಹೆಡ್‌ಮಿಸ್ ಅವರಿಗೆ ವಿವರಿಸುವುದು ನನಗೂ ಕೇಳುತ್ತಿತ್ತು. ಕಾರ್ಯದರ್ಶಿ ದಿನವೂ ತಪ್ಪದೆ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು. ಒಂದು ದಿನ ಜ್ವರ ಬಂದು ನಾನು ಯಂತ್ರ ಮುಟ್ಟದಿದ್ದಾಗ, ಯಾಕೆ ಇವತ್ತು ಅಭ್ಯಾಸ ಇಲ್ಲ ಎಂದು ವಿಚಾರಿಸಲು ಮೂವರು ಬಂದರು. ನನ್ನ ಹೆಂಡತಿ ಅವರಿಗೆಲ್ಲ ಕಾಫಿ ಕೊಟ್ಟು, ನನ್ನ ಕಡೆ ನೋಡಿದ ನೋಟಕ್ಕೆ ಜ್ವರ ಇಳಿದೇಹೋಯಿತು.

ಆರನೆಯ ವಾರ, ಒಂಬತ್ತನೆಯ ಬಿಲ್ಲೆ ಸರಿಬಂತು. ಅಂಚು ನಯವಾಗಿತ್ತು, ದುಂಡಗಿತ್ತು, ತೂತಿನ ಮೇಲೆ ಕೂತರೆ ಅಲ್ಲಿಯೇ ಹುಟ್ಟಿದ್ದರ ಹಾಗಿತ್ತು. ಬಡಗಿ ಬಂದು ತಂತಿ ಹಿಡಿಯುವ ಕೊಕ್ಕೆಯನ್ನು ಗಿಟಾರಿನ ಬುಡದ ಅಂಚಿಗೆ ಕೂರಿಸಿಕೊಟ್ಟ. ನನಗೆ ಗಿಟಾರಿಗೆ ತಂತಿ ಕಟ್ಟಲೂ ಬರುವುದಿಲ್ಲ. ಹೆಂಡತಿಯೇ ಕಟ್ಟಿದಳು, ಚಿಕ್ಕಂದಿನಲ್ಲಿ ಅಪ್ಪನಿಂದ ಕಲಿತ ನೆನಪಿನಲ್ಲಿ ಶ್ರುತಿ ಮಾಡಿ, ಒಂದು ತಂತಿ ಮೀಟಿದಳು. ಧ್ವನಿ ಅಡುಗೆಮನೆಯ ಪಾತ್ರೆಗಳವರೆಗೆ ಹೋಗಿ ಬಂತು. "ನಮಗೆ ಕೇಳುತ್ತೆ ಸರಿ. ಅಪ್ಪನಿಗೆ ಕೇಳ್ಬೇಕಲ್ಲ," ಎಂದಳು.

ಅಷ್ಟರಲ್ಲಿ ಇನ್ನೊಂದು ಗಂಡಾಂತರ ಬಾಗಿಲಿಗೆ ಬಂತು. ಸಂಘದ ವಾರ್ಷಿಕ ಸಭೆ ಶನಿವಾರ. ಅದರಲ್ಲಿ ನಿಮ್ಮ ವಾದನ ಇಟ್ಟುಕೊಂಡಿದ್ದೇವೆ, ಸೂಚನಾ ಫಲಕಕ್ಕೆ ಆಗಲೇ ಹಾಕಿಯಾಯಿತು ಎಂದು ಕಾರ್ಯದರ್ಶಿ ಹೇಳಿದರು. ಅದೇ ಶನಿವಾರ ಮಾವ ವಾಪಸು ಬರುವುದು. ಸಂಗೀತದ ಹಿರಿಯರೆಂದು ಗೊತ್ತಾದ ಮೇಲೆ ಅವರನ್ನೇ ಮುಖ್ಯ ಅತಿಥಿ ಮಾಡುವುದೆಂದೂ ತೀರ್ಮಾನವಾಗಿತ್ತು. ಗಿಟಾರಿನ ಮೇಲೆ ಎಲ್ಲಿ ಬೆರಳಿಡಬೇಕೆಂದೂ ತಿಳಿಯದ ನಾನು ಇಂಗು ತಿಂದ ಮಂಗನಂತೆ ನಿಂತು, ಆಗಲಿ ಎಂದೆ.

ಶನಿವಾರ ಸಭೆಗೆ ಹೊರಡುವ ಮೊದಲು ಬಲಗೈ ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು ಸುತ್ತಿಕೊಂಡೆ. ಹೆಂಡತಿ ನೋಡಿ, ನಿಮಗೆ ನುಡಿಸಲು ಬರದಿರುವುದು ಎಡಗೈಯಲ್ಲೂ ಹೌದು ಎಂದು ನೆನಪು ಮಾಡಿದಳು. ಅದಕ್ಕೂ ಸುತ್ತಿಕೊಳ್ಳಲು ಹೊತ್ತಿರಲಿಲ್ಲ.

ಸಭಾಂಗಣ ತುಂಬಿತ್ತು. ಮಾವನನ್ನು ಬಸ್ಸಿನಿಂದ ಇಳಿದ ಬಟ್ಟೆಯಲ್ಲೇ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ವೇದಿಕೆಯ ಮೇಲೆ ಬಟ್ಟೆ ಮುಚ್ಚಿದ ಗಿಟಾರ್, ಅದರ ಪಕ್ಕ ಕುರ್ಚಿಯಲ್ಲಿ ನಾನು. ಕಾರ್ಯದರ್ಶಿ ನನ್ನ ಆರು ವಾರದ ತಪಸ್ಸನ್ನು ವರ್ಣಿಸಿ, ಬಟ್ಟೆ ತೆಗೆದರು. ತಗಡು ದೀಪಕ್ಕೆ ಥಳಥಳನೆ ಹೊಳೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಾವನೊಬ್ಬರನ್ನು ಬಿಟ್ಟು.

ಮಾವ ಎದ್ದು ವೇದಿಕೆಗೆ ಬಂದರು. ಮರದ ಅಂಚಿನ ಸುತ್ತ ಬೆರಳಾಡಿಸಿದರು. ನಲವತ್ತು ವರ್ಷ ಅವರ ಎದೆಗೆ ಒರಗಿದ್ದ ಮರ ಅದು. ಈ ಜನ್ಮದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

"ಇದನ್ನ ಕೊರೆದೋರು ಯಾರು?" ಎಂದು ಕೇಳಿದರು.

ನಾನೇ ಎಂದೆ. ಮಾವ ಕಿವಿಗೆ ಕೈಯಿಟ್ಟು ನನ್ನ ಕಡೆ ಬಾಗಿದರು. ಇನ್ನೊಮ್ಮೆ ಹೇಳಿದೆ. ಕೇಳಲಿಲ್ಲ ಎಂದು ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ.

"ನಾನೇ ಮಾವ," ಎಂದು ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದೆ. "ಯಂತ್ರದಿಂದ ಕೊರೆದೆ. ಅಳತೆ ತಪ್ಪಿ ತೂತು ದೊಡ್ಡದಾಯ್ತು. ಆರು ವಾರ, ದಿನಾ ಐದರಿಂದ ಏಳು, ತಗಡು ಕೊರೀತಾನೇ ಇದ್ದೆ. ಅದು ಸಂಗೀತ ಅಲ್ಲ. ನನಗೆ ಗಿಟಾರ್ ಬರಲ್ಲ. ಬೆರಳಿಗೂ ಏನೂ ಆಗಿಲ್ಲ."

ಕಾರ್ಯದರ್ಶಿಯ ಕಂಕುಳಿಂದ ರಿಜಿಸ್ಟರ್ ಜಾರಿ ಕೆಳಗೆ ಬಿತ್ತು. ಹಲ್ಲಿನ ಡಾಕ್ಟರ ಬಾಯಿ ತಾನಾಗಿಯೇ ತೆರೆದುಕೊಂಡಿತು.

ಮಾವ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡರು. ಆರೂ ತಂತಿಗಳ ಮೇಲೆ ಒಮ್ಮೆ ಕೈ ಇಳಿಸಿದರು. ಧ್ವನಿ ಸಭಾಂಗಣದ ಆ ತುದಿಗೆ ಹೋಗಿ ಮುಟ್ಟಿತು. ಮಾವ ಕೈ ನಿಲ್ಲಿಸಿ ತಲೆ ತಗ್ಗಿಸಿದರು. ತಂತಿಗಳನ್ನು ಒಂದೊಂದಾಗಿ ಮೀಟಿದರು. ಮೂರನೆಯದನ್ನು ಎರಡು ಸಲ ಮೀಟಿದರು. ಮುಖ ಗಂಟಿಕ್ಕಿಕೊಂಡಿತು. ಕೆಲಸ ಕೆಟ್ಟಿತು, ಅವರಿಗೆ ಕೇಳುತ್ತಿಲ್ಲ ಎಂದುಕೊಂಡೆ.

ಮಾವ ತಲೆಯೆತ್ತಿ ಮಗಳ ಕಡೆ ನೋಡಿದರು.

"ಮೂರನೇ ತಂತಿ ಶ್ರುತಿಗಿಂತ ಇಳಿದಿದೆ," ಎಂದರು. "ಇಷ್ಟು ವರ್ಷ ಹೇಳಿಕೊಟ್ಟರೂ ಕಲೀಲಿಲ್ಲವಲ್ಲ ನೀನು."

ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಲೇ ಅತ್ತಳು. ಎರಡು ವರ್ಷದಿಂದ ಅವಳಿಗೆ ಅಪ್ಪ ಶ್ರುತಿಯ ಬಗ್ಗೆ ಬೈದಿರಲಿಲ್ಲ. ಮಾವ ಕಿವಿ ತಿರುಚುವ ಹಾಗೆ ಗಿಟಾರಿನ ಬಿರಡೆಯನ್ನು ಒಂದು ಎಳೆಯಷ್ಟು ತಿರುಗಿಸಿ, ನುಡಿಸಲು ಶುರು ಮಾಡಿದರು. ಮುಕ್ಕಾಲು ಗಂಟೆ ನುಡಿಸಿದರು. ಕಣ್ಣಲ್ಲಿ ನೀರು ಬಂದದ್ದು ಹೆಂಡತಿಗೆ ಮಾತ್ರವಲ್ಲ ಎಂದಷ್ಟೇ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಕಾರ್ಯದರ್ಶಿ ನನ್ನ ಮೇಲೆ ಕ್ರಮ ಕೈಗೊಳ್ಳಲೆಂದು ರಿಜಿಸ್ಟರ್ ತೆರೆದರು. ಆರು ವಾರದ ಉದ್ದಕ್ಕೂ ಆಕ್ಷೇಪಣೆ ಇಲ್ಲ ಎಂದು ಅವರದೇ ಸಹಿ ಇತ್ತು. ಹಾಗೇ ಮುಚ್ಚಿಕೊಂಡು ಹೋದರು. ಮಾವ ಈಗ ನಮ್ಮಲ್ಲೇ ಇದ್ದಾರೆ, ದಿನವೂ ಐದರಿಂದ ಏಳರವರೆಗೆ ನುಡಿಸುತ್ತಾರೆ. ಡಾಕ್ಟರದು ಈಗ ಬೇರೆ ದೂರು. ರೋಗಿಗಳು ಹಲ್ಲು ತೋರಿಸಿಯಾದ ಮೇಲೂ ಎದ್ದು ಹೋಗುವುದಿಲ್ಲವಂತೆ. ತೂತು ಎಷ್ಟು ದೊಡ್ಡದಾಗಿತ್ತು ಎಂದು ಮಾವ ಒಮ್ಮೆ ಕೇಳಿದರು. ಹನ್ನೆರಡು ಮಿಲಿಮೀಟರ್ ಎಂದೆ. ಬಿಲ್ಲೆ ಅಷ್ಟು ದೊಡ್ಡದಾದದ್ದಕ್ಕೇ ತಮಗೆ ಕೇಳುತ್ತಿರಬೇಕು, ಸರಿಯಾಗಿ ಅಳೆದಿದ್ದರೆ ಕಷ್ಟವಿತ್ತು ಎಂದು ಲೆಕ್ಕ ಹಾಕುತ್ತ ಹೇಳಿದರು. ಈ ಮಾತು ಕಚೇರಿಯವರಿಗೆ ಗೊತ್ತಾಗದಂತೆ ನೋಡಿಕೊಂಡಿದ್ದೇನೆ.

ಹೆಡ್‌ಮಿಸ್ ಮಾತ್ರ ಸಭೆಯ ನಂತರ ನನ್ನೊಡನೆ ಮಾತು ಬಿಟ್ಟಿದ್ದರು. ನಿನ್ನೆ ರೂಟರನ್ನು ಬಡಗಿಗೆ ಹಿಂತಿರುಗಿಸಲು ಹೊರಟಾಗ ಮೆಟ್ಟಿಲ ಮೇಲೆ ಎದುರಾದರು. ನನ್ನ ಕೈಯಲ್ಲಿದ್ದ ಯಂತ್ರವನ್ನು ತುಂಬ ಹೊತ್ತು ನೋಡಿ, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ನಿಮ್ಮ ಮಾವ ಚೆನ್ನಾಗಿ ನುಡಿಸ್ತಾರೆ, ಇಲ್ಲ ಅನ್ನಲ್ಲ. ಆದರೆ ಆ ಕೊನೆಯ ವಾರ ನೀವು ಒಂದು ಹಂತಕ್ಕೆ ಬಂದಿದ್ರಿ. ಈಗ ಬಿಡಬಾರದಿತ್ತು."

ನಾನು ಯಂತ್ರವನ್ನು ಇನ್ನೂ ಹಿಂತಿರುಗಿಸಿಲ್ಲ. ಹೆಂಡತಿಗೆ ಬಡಗಿ ಊರಲ್ಲಿಲ್ಲ ಎಂದು ಹೇಳಿದ್ದೇನೆ.